ಶಸ್ತ್ರಚಿಕಿತ್ಸೆ, ಅರಿವಳಿಕೆ ಮತ್ತು ವೃದ್ಧರ ಅರಿವಿನ ತೊಂದರೆಗಳು

ವಯಸ್ಸಾದವರಲ್ಲಿ ಶಸ್ತ್ರಚಿಕಿತ್ಸೆಯ ನಂತರ ಗಮನ, ನೆನಪು, ಯೋಚನೆಯ ವೇಗ, ಸ್ಥಳ-ಕಾಲಗಳ ಅರಿವು ಮುಂತಾದವುಗಳಲ್ಲಿ ಕಾಣಿಸಿಕೊಳ್ಳುವ ಏರುಪೇರುಗಳನ್ನು ವೈದ್ಯಶಾಸ್ತ್ರ ಈಗ ಒಂದೇ ಗುಂಪಾಗಿ ಪರಿಗಣಿಸುತ್ತದೆ. ಈ ಗುಂಪಿನಲ್ಲಿ ಮುಖ್ಯವಾದವು ಎರಡು. ಒಂದು, ಶಸ್ತ್ರಚಿಕಿತ್ಸೆಯಾದ ಮೊದಲ ಕೆಲವು ದಿನಗಳಲ್ಲಿ ಥಟ್ಟನೆ ಎರಗುವ ಸನ್ನಿ. ಆಸ್ಪತ್ರೆಗಳಲ್ಲಿ ಇದನ್ನು ಡಿಲಿರಿಯಂ ಎನ್ನುತ್ತಾರೆ. ಇನ್ನೊಂದು, ಸದ್ದಿಲ್ಲದೆ ಬಂದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುವ ಬುದ್ಧಿಯ ಮಂಕು. ಲೆಕ್ಕ ತಪ್ಪುವುದು, ಓದಿದ್ದು ತಲೆಗೆ ಹತ್ತದಿರುವುದು, ಮಾತಿನ ನಡುವೆ ಎಳೆ ಕಳೆದುಕೊಳ್ಳುವುದು ಇದರ ಲಕ್ಷಣಗಳು. ಇವೆರಡೂ ಒಂದೇ ರೋಗಿಯಲ್ಲಿ ಒಂದರ ಹಿಂದೊಂದು ಬರಬಹುದು, ಬೇರೆಬೇರೆಯಾಗಿಯೂ ಬರಬಹುದು. 65 ದಾಟಿದವರಿಗೆ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಒದಗುವ ತೊಡಕುಗಳಲ್ಲಿ ಸನ್ನಿಯೇ ಅತಿ ಸಾಮಾನ್ಯವಾದುದು.

"ಆಪರೇಷನ್ ಆದಮೇಲೆ ಅಪ್ಪ ಮೊದಲಿನ ಹಾಗಿಲ್ಲ" ಎಂಬ ಮಾತನ್ನು ಮನೆಮನೆಗಳಲ್ಲಿ ಕೇಳುತ್ತೇವೆ. ಮನೆಯವರು ಇದರ ಹೊಣೆಯನ್ನು ಸಾಮಾನ್ಯವಾಗಿ ಮತ್ತಿನ ಔಷಧದ ಮೇಲೆ ಹೊರಿಸುತ್ತಾರೆ. ಅವರು ಕಂಡದ್ದು ಸುಳ್ಳಲ್ಲ. ಆದರೆ ಕಾರಣದ ಬಗೆಗಿನ ಊಹೆಯನ್ನು ಕಳೆದ ಮೂರು ದಶಕಗಳ ಸಂಶೋಧನೆ ಬಹುಮಟ್ಟಿಗೆ ಬದಲಾಯಿಸಿದೆ. ರೋಗಿ ಯಾವ ಮಿದುಳನ್ನು ಹೊತ್ತು ಶಸ್ತ್ರಚಿಕಿತ್ಸೆಗೆ ಹೋದರು, ದೇಹಕ್ಕೆ ಎಷ್ಟು ದೊಡ್ಡ ಗಾಯವಾಯಿತು, ಮುಂದಿನ ಐದಾರು ದಿನ ಅವರನ್ನು ಹೇಗೆ ನೋಡಿಕೊಳ್ಳಲಾಯಿತು ಎಂಬುವು ಅರಿವಳಿಕೆಯ ಬಗೆಗಿಂತ ಹೆಚ್ಚು ನಿರ್ಣಾಯಕವೆಂದು ತೋರಿಬಂದಿದೆ.

ಇತಿಹಾಸ

ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಈಥರ್ ಬಳಸಿ ನೋವಿಲ್ಲದ ಶಸ್ತ್ರಚಿಕಿತ್ಸೆಯನ್ನು ಸಾರ್ವಜನಿಕವಾಗಿ ಸಾಧ್ಯವಾಗಿಸಿದ್ದು 1846ರ ಅಕ್ಟೋಬರ್ 16ರಂದು. ಅದಾಗಿ ನಾಲ್ಕು ದಶಕ ಕಳೆಯುವಷ್ಟರಲ್ಲಿ ಅರಿವಳಿಕೆಯ ಇನ್ನೊಂದು ಮುಖದ ಬಗ್ಗೆ ಬರಹಗಳು ಬಂದವು. ಲಂಡನ್ನಿನ ಬೆತ್ಲೆಮ್ ಮಾನಸಿಕ ಆಸ್ಪತ್ರೆಯ ವೈದ್ಯ ಜಾರ್ಜ್ ಸ್ಯಾವೇಜ್ 1887ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ, ಶಸ್ತ್ರಚಿಕಿತ್ಸೆಗಾಗಿ ಅರಿವಳಿಕೆ ಪಡೆದ ಮೇಲೆ ಬುದ್ಧಿ ಕೆಟ್ಟವರ ಪ್ರಕರಣಗಳನ್ನು ದಾಖಲಿಸಿದ.

ಈ ವಿಷಯವನ್ನು ಚರ್ಚೆಯ ಮುನ್ನೆಲೆಗೆ ತಂದದ್ದು ಆಕ್ಸ್‌ಫರ್ಡಿನ ವೈದ್ಯ ಪಿ. ಡಿ. ಬೆಡ್‌ಫರ್ಡ್ 1955ರಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಬರೆದ ಲೇಖನ. ಪೂರ್ಣ ಅರಿವಳಿಕೆ ಪಡೆದಿದ್ದ, 50 ದಾಟಿದ 1,193 ಜನರ ವಿವರಗಳನ್ನು ಆತ ಕಲೆಹಾಕಿದ್ದ. ಅವರಲ್ಲಿ ಕೆಲವರು ಶಸ್ತ್ರಚಿಕಿತ್ಸೆಯ ನಂತರ ಮತ್ತೆಂದೂ ಮೊದಲಿನಂತಾಗಲಿಲ್ಲ ಎಂಬುದು ಮನೆಯವರ ಹೇಳಿಕೆಗಳಿಂದ ತಿಳಿದುಬಂದಿತ್ತು. ತೀರಾ ಅಗತ್ಯವಿದ್ದರೆ ಮಾತ್ರ ವೃದ್ಧರಿಗೆ ಶಸ್ತ್ರಚಿಕಿತ್ಸೆ ಮಾಡಬೇಕೆಂದು ಬೆಡ್‌ಫರ್ಡ್ ಸಲಹೆಯಿತ್ತ. ಶಸ್ತ್ರಚಿಕಿತ್ಸೆಗೆ ಒಳಗಾಗದ ಅದೇ ವಯಸ್ಸಿನವರೊಂದಿಗೆ ಹೋಲಿಸಿ ನೋಡದಿದ್ದುದು ಆ ಅಧ್ಯಯನದ ಕೊರತೆ. ಆದರೂ ಮನೆಮಂದಿಯ ಮಾತನ್ನು ಸಾಕ್ಷ್ಯವೆಂದು ಗೌರವದಿಂದ ಕೇಳಿಸಿಕೊಂಡ ವೈದ್ಯರಲ್ಲಿ ಆತ ಮುಂಚೂಣಿಯವನು, ಮತ್ತು ಆ ಗೌರವಕ್ಕೆ ಇಂದಿಗೂ ಬೆಲೆಯಿದೆ.

ಹೋಲಿಕೆಯ ಕೊರತೆಯನ್ನು ತುಂಬಿದ್ದು 1998ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಅಧ್ಯಯನ. ಡೆನ್ಮಾರ್ಕಿನ ಸಂಶೋಧಕರ ಮುಂದಾಳತ್ವದಲ್ಲಿ 8 ದೇಶಗಳ 13 ಆಸ್ಪತ್ರೆಗಳು ಇದರಲ್ಲಿ ಪಾಲ್ಗೊಂಡಿದ್ದವು. ಹೃದಯದ್ದಲ್ಲದ ದೊಡ್ಡ ಶಸ್ತ್ರಚಿಕಿತ್ಸೆಗೆ ಬಂದ, 60 ದಾಟಿದ 1,218 ಮಂದಿಯನ್ನು ಶಸ್ತ್ರಚಿಕಿತ್ಸೆಗೆ ಮೊದಲೂ ಆಮೇಲೂ ಪರೀಕ್ಷಿಸಲಾಯಿತು. ಒಂದು ವಾರದ ಹೊತ್ತಿಗೆ ಶೇ. 25.8ರಷ್ಟು ಜನರ ಅರಿವಿನ ಶಕ್ತಿ ಕುಗ್ಗಿತ್ತು. ಮೂರು ತಿಂಗಳ ಹೊತ್ತಿಗೆ ಆ ಪ್ರಮಾಣ ಶೇ. 9.9ಕ್ಕೆ ಇಳಿದಿತ್ತು. ಶಸ್ತ್ರಚಿಕಿತ್ಸೆಯಿಲ್ಲದೆ ಅದೇ ಪರೀಕ್ಷೆಗಳನ್ನು ಎದುರಿಸಿದವರಲ್ಲಿ ಇದು ಕ್ರಮವಾಗಿ ಶೇ. 3.4 ಮತ್ತು ಶೇ. 2.8. ಮೂರು ತಿಂಗಳ ನಂತರವೂ ಉಳಿದ ತೊಂದರೆಗೆ ವಯಸ್ಸಿನ ನಂಟು ಗಟ್ಟಿಯಾಗಿ ಕಂಡಿತು. ಆರಂಭದ ವಾರದ ತೊಂದರೆಗೆ ಅರಿವಳಿಕೆಯ ಅವಧಿ, ಕಡಿಮೆ ವಿದ್ಯಾಭ್ಯಾಸ, ಮತ್ತೊಂದು ಶಸ್ತ್ರಚಿಕಿತ್ಸೆ, ಸೋಂಕು, ಉಸಿರಾಟದ ತೊಡಕುಗಳೂ ಜೊತೆಗೂಡಿದ್ದವು. ರಕ್ತದಲ್ಲಿ ಆಮ್ಲಜನಕ ಇಳಿಯುವುದು ಅಥವಾ ರಕ್ತದೊತ್ತಡ ಕುಸಿಯುವುದೇ ಮುಖ್ಯ ಕಾರಣವಿರಬೇಕೆಂದು ಸಂಶೋಧಕರು ನಿರೀಕ್ಷಿಸಿದ್ದರು. ಅಂಕಿಅಂಶಗಳಲ್ಲಿ ಅಂಥ ನಂಟು ಕಾಣಲಿಲ್ಲ. ಕಾರಣವನ್ನು ಬೇರೆ ಕಡೆ ಹುಡುಕಲು ಈ ನಿರಾಶೆಯೇ ದಾರಿಮಾಡಿತು.

2018ರವರೆಗೂ ಹೆಸರುಗಳದ್ದೇ ಗೊಂದಲವಿತ್ತು. ಒಬ್ಬೊಬ್ಬ ಸಂಶೋಧಕರು ಒಂದೊಂದು ಅಳತೆಗೋಲು ಹಿಡಿದಿದ್ದರು. ಆ ವರ್ಷ ಅರಿವಳಿಕೆ, ನರರೋಗ, ವೃದ್ಧರೋಗ, ಮನೋವೈದ್ಯ ತಜ್ಞರು ಕೂಡಿ ಕಾಲಾವಧಿಯ ಆಧಾರದ ಮೇಲೆ ವಿಂಗಡಣೆ ಮಾಡಿದರು. ಮೊದಲ 30 ದಿನಗಳೊಳಗಿನ ಮಂಕು 'ತಡವಾದ ಚೇತರಿಕೆ'. 30 ದಿನಗಳಿಂದ 12 ತಿಂಗಳವರೆಗೆ ಉಳಿದದ್ದು ಶಸ್ತ್ರಚಿಕಿತ್ಸೋತ್ತರ ಅರಿವಿನ ದೋಷ. ಮೊದಲ ಬಾರಿಗೆ ವರ್ಷದ ನಂತರ ಕಂಡುಬಂದ ಕುಸಿತವನ್ನು ಶಸ್ತ್ರಚಿಕಿತ್ಸೆಯ ಲೆಕ್ಕಕ್ಕೆ ಹಾಕುವಂತಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲೇ ಇದ್ದ ಮರೆವಿನ ದೋಷಕ್ಕೂ ಈ ಪಟ್ಟಿಯಲ್ಲಿ ಜಾಗ ಸಿಕ್ಕಿತು.

ಸನ್ನಿ

ಶಸ್ತ್ರಚಿಕಿತ್ಸೆಯಾದ ದಿನ ರೋಗಿ ಎಚ್ಚರಗೊಂಡು ಮನೆಯವರನ್ನು ಗುರುತಿಸಿ, ಚೆನ್ನಾಗಿಯೇ ಮಾತನಾಡುವುದುಂಟು. ಮಾರನೆಯ ರಾತ್ರಿಯೋ ಮೂರನೆಯ ದಿನವೋ ಸ್ಥಿತಿ ತಿರುಗುತ್ತದೆ. ಎಲ್ಲಿದ್ದೇನೆಂಬುದು ತಿಳಿಯುವುದಿಲ್ಲ. ಸತ್ತುಹೋದ ಅಣ್ಣ ಬಾಗಿಲಲ್ಲಿ ನಿಂತಿದ್ದಾನೆ ಎನ್ನುತ್ತಾರೆ, ಗೋಡೆಯ ಮೇಲೆ ಹುಳ ಹರಿದಾಡುತ್ತಿವೆ ಎನ್ನುತ್ತಾರೆ, ನರ್ಸ್ ತನಗೆ ವಿಷ ಕೊಡುತ್ತಿದ್ದಾಳೆ ಎಂದು ಹೆದರುತ್ತಾರೆ, ಡ್ರಿಪ್ಪಿನ ಸೂಜಿ ಕಿತ್ತುಹಾಕಿ ಹಾಸಿಗೆಯಿಂದ ಇಳಿಯಲು ಹವಣಿಸುತ್ತಾರೆ. ಬೆಳಗಾದರೆ ತುಸು ತಿಳಿಯಾಗಿ, ಸಂಜೆಗೆ ಮತ್ತೆ ಕದಡುತ್ತದೆ. ಥಟ್ಟನೆ ಶುರುವಾಗುವುದು, ಗಂಟೆಗಂಟೆಗೂ ಏರಿಳಿಯುವುದು, ಗಮನ ಒಂದೆಡೆ ನಿಲ್ಲದಿರುವುದು — ಈ ಮೂರು ಇದರ ಹೆಗ್ಗುರುತುಗಳು. ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಬೆಳೆಯುವ ಡಿಮೆನ್ಷಿಯಾದಿಂದ ಇದನ್ನು ಬೇರ್ಪಡಿಸುವುದೂ ಇವೇ. ಅರಿವಳಿಕೆಯಿಂದ ಹೊರಬರುವಾಗಿನ ಹತ್ತಾರು ನಿಮಿಷಗಳ ತಳಮಳ ಬೇರೆಯದು.

ಹೀಗೆ ಕೂಗಾಡುವ ರೋಗಿ ಎಲ್ಲರ ಕಣ್ಣಿಗೂ ಬೀಳುತ್ತಾರೆ. ಕಣ್ಣಿಗೆ ಬೀಳದೆ ಉಳಿಯುವವರು ಇನ್ನೊಂದು ಬಗೆಯವರು. ಅವರು ಸುಮ್ಮನೆ ಮಲಗಿರುತ್ತಾರೆ. ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಾರೆ, ತುತ್ತು ಬಾಯಲ್ಲೇ ಇಟ್ಟುಕೊಳ್ಳುತ್ತಾರೆ, ಕೇಳಿದ್ದಕ್ಕೆ ಉತ್ತರವಿಲ್ಲ. "ಪಾಪ, ಸುಸ್ತಾಗಿದೆ, ಮಲಗಲಿ ಬಿಡಿ" ಎಂದು ಮನೆಯವರೂ ವಾರ್ಡಿನವರೂ ಸಮಾಧಾನಪಟ್ಟುಕೊಳ್ಳುತ್ತಾರೆ. ಜಡತ್ವದ ಈ ಸನ್ನಿ ವೃದ್ಧರಲ್ಲಿ ಬಹಳ ಸಾಮಾನ್ಯ, ಮತ್ತು ಗುರುತಿಸದೆ ಬಿಟ್ಟರೆ ಹೆಚ್ಚು ಅಪಾಯಕಾರಿ. ಈ ಇಡೀ ವಿಷಯದಲ್ಲಿ ಸಾಮಾನ್ಯ ಓದುಗರು ನೆನಪಿಡಬೇಕಾದ ಸಂಗತಿ ಯಾವುದೆಂದು ಕೇಳಿದರೆ ಇದನ್ನೇ ಮೊದಲು ಹೇಳಬೇಕು: ಶಸ್ತ್ರಚಿಕಿತ್ಸೆಯ ನಂತರ ಅಜ್ಜಿ ಇದ್ದಕ್ಕಿದ್ದಂತೆ ಮೌನವಾದರೆ ಅದನ್ನು ವೈದ್ಯರ ಗಮನಕ್ಕೆ ತರಬೇಕು.

ದೊಡ್ಡ ಶಸ್ತ್ರಚಿಕಿತ್ಸೆಗಳ ನಂತರ ವೃದ್ಧರಲ್ಲಿ ಸನ್ನಿಯ ಪ್ರಮಾಣ ಸುಮಾರು ಶೇ. 15ರಿಂದ 25. ಸೊಂಟದ ಮೂಳೆ ಮುರಿತ, ಹೃದಯದ ಶಸ್ತ್ರಚಿಕಿತ್ಸೆಗಳಂಥವುಗಳಲ್ಲಿ ಅರ್ಧದಷ್ಟು ಜನರವರೆಗೂ ಏರುವುದುಂಟು. ಕಣ್ಣಿನ ಪೊರೆಯಂಥ ಚಿಕ್ಕ ಶಸ್ತ್ರಚಿಕಿತ್ಸೆಗಳಲ್ಲಿ ತೀರಾ ಕಡಿಮೆ. ಇಲ್ಲಿ ಸ್ಥಳದ ಅರಿವಳಿಕೆ ಸಾಕಾಗುತ್ತದೆ, ಗಾಯ ಸಣ್ಣದು, ರೋಗಿ ಅಂದೇ ಮನೆಯ ಹಾಸಿಗೆಗೆ ಮರಳುತ್ತಾರೆ.

ಸನ್ನಿಯನ್ನು ಗುರುತಿಸಲು ಯಂತ್ರ ಬೇಡ, ರಕ್ತಪರೀಕ್ಷೆಯೂ ಬೇಡ. ಅಮೆರಿಕದ ವೃದ್ಧರೋಗ ತಜ್ಞೆ ಷರಾನ್ ಇನೌಯೆ ಮತ್ತು ಸಂಗಡಿಗರು 1990ರಲ್ಲಿ ರೂಪಿಸಿದ 'ಕ್ಯಾಮ್' ಎಂಬ ಪರಿಶೀಲನಾ ವಿಧಾನ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಎಡಿನ್‌ಬರೋದಲ್ಲಿ ಬೆಳೆದ '4ಎಟಿ' ಇನ್ನೂ ಚುಟುಕು, ಎರಡೇ ನಿಮಿಷದ್ದು. ರೋಗಿ ಎಷ್ಟು ಎಚ್ಚರವಾಗಿದ್ದಾರೆ ಎಂದು ನೋಡುವುದು. ವಯಸ್ಸು, ಹುಟ್ಟಿದ ದಿನ, ಈಗಿರುವ ಸ್ಥಳ, ಇಸವಿ ಕೇಳುವುದು. ಡಿಸೆಂಬರಿನಿಂದ ಹಿಂದಕ್ಕೆ ತಿಂಗಳುಗಳನ್ನು ಹೇಳಿಸುವುದು. ಸ್ಥಿತಿ ಥಟ್ಟನೆ ಬದಲಾಯಿತೇ ಎಂದು ವಿಚಾರಿಸುವುದು. ನಮ್ಮ ಹಳ್ಳಿಗಳ ಹಿರಿಯರಲ್ಲಿ ಎಷ್ಟೋ ಮಂದಿಗೆ ಹುಟ್ಟಿದ ತಾರೀಕು ಗೊತ್ತಿರುವುದಿಲ್ಲ, ಇಂಗ್ಲಿಷ್ ತಿಂಗಳುಗಳ ಸಾಲು ಬಾಯಿಗೆ ಬಂದಿರುವುದಿಲ್ಲ. ಅಂಥವರಲ್ಲಿ ತಪ್ಪು ಉತ್ತರವನ್ನು ಸನ್ನಿಯೆಂದು ಬಗೆಯಬಾರದು. ಶನಿವಾರದಿಂದ ಹಿಂದಕ್ಕೆ ವಾರದ ದಿನಗಳನ್ನು ಹೇಳಿಸಿದರೂ ಗಮನದ ಅಂದಾಜು ಸಿಗುತ್ತದೆ. ಎಲ್ಲಕ್ಕಿಂತ ನಂಬಲರ್ಹವಾದುದು, "ನಿನ್ನೆಯವರೆಗೂ ಹೀಗಿರಲಿಲ್ಲ" ಎಂಬ ಮಗಳ ಅಥವಾ ಸೊಸೆಯ ಮಾತು.

ಬಹುತೇಕರಲ್ಲಿ ಸನ್ನಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಆದರೆ ಅದು ಬಂದು ಹೋದವರು ಆಸ್ಪತ್ರೆಯಲ್ಲಿ ಹೆಚ್ಚು ದಿನ ಉಳಿಯುತ್ತಾರೆ, ಬೀಳುವುದು ಹೆಚ್ಚು, ಸ್ವಂತ ಕೆಲಸಗಳನ್ನು ತಾವೇ ಮಾಡಿಕೊಳ್ಳುವ ಶಕ್ತಿ ಕಳೆದುಕೊಳ್ಳುವುದೂ ಹೆಚ್ಚು, ಸಾವಿನ ಅಪಾಯವೂ ಹೆಚ್ಚು. ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದ 225 ಮಂದಿಯನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳಾದರೂ ಮೊದಲಿನ ಅರಿವಿನ ಮಟ್ಟಕ್ಕೆ ಮರಳದವರು ಸನ್ನಿ ಬಂದವರಲ್ಲಿ ಶೇ. 40, ಬಾರದವರಲ್ಲಿ ಶೇ. 24. ಬಾಸ್ಟನ್ನಿನಲ್ಲಿ 70 ದಾಟಿದ 560 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿದ ಇನ್ನೊಂದು ಅಧ್ಯಯನದಲ್ಲಿ ಶೇ. 24ರಷ್ಟು ಜನರಿಗೆ ಸನ್ನಿ ಬಂದಿತ್ತು; ಮುಂದಿನ ವರ್ಷಗಳಲ್ಲಿ ಅವರ ಅರಿವಿನ ಶಕ್ತಿ ಉಳಿದವರಿಗಿಂತ ಬೇಗ ಕುಗ್ಗಿತು. ಸನ್ನಿ ತಾನೇ ಮಿದುಳಿಗೆ ಹಾನಿ ಮಾಡುತ್ತದೆಯೇ, ಅಥವಾ ಮೊದಲೇ ಒಳಗೆ ನಡೆದಿದ್ದ ಸವೆತವನ್ನು ಬಯಲಿಗೆ ತರುತ್ತದೆಯೇ ಎಂಬುದು ಈ ಕ್ಷೇತ್ರದ ದೊಡ್ಡ ವಾದ. ಎರಡೂ ನಿಜವಿರಬಹುದೆಂಬ ಕಡೆಗೆ ಅಭಿಪ್ರಾಯ ವಾಲುತ್ತಿದೆ.

ದೀರ್ಘಕಾಲದ ಮಂಕು ಮತ್ತು ಅದರ ಅಳತೆ

ಸನ್ನಿಯನ್ನು ಹಾಸಿಗೆಯ ಪಕ್ಕ ನಿಂತು ಕಾಣಬಹುದು. ನಿಧಾನದ ಮಂಕನ್ನು ಹಾಗೆ ಕಾಣಲಾಗದು; ಶಸ್ತ್ರಚಿಕಿತ್ಸೆಗೆ ಮೊದಲು ಮತ್ತು ನಂತರ ಒಂದೇ ಬಗೆಯ ಪರೀಕ್ಷೆಗಳನ್ನು ನಡೆಸಿ ಹೋಲಿಸಬೇಕು. ಪದಗಳ ಪಟ್ಟಿಯನ್ನು ನೆನಪಿಟ್ಟು ಹೇಳುವುದು, ಅಂಕಿಗಳನ್ನೂ ಅಕ್ಷರಗಳನ್ನೂ ಸರದಿಯಂತೆ ಜೋಡಿಸುವುದು, ಚಿಹ್ನೆಗಳನ್ನು ಹೊಂದಿಸುವುದು ಇತ್ಯಾದಿ. ಇಲ್ಲಿ ಅಧ್ಯಯನಗಳನ್ನು ದಾರಿ ತಪ್ಪಿಸುವ ಸಂಗತಿಗಳು ಹಲವು. ಅದೇ ಪರೀಕ್ಷೆಯನ್ನು ಎರಡನೆಯ ಸಲ ಬರೆದವರು ರೂಢಿಯ ಬಲದಿಂದಲೇ ಹೆಚ್ಚು ಅಂಕ ಪಡೆಯುತ್ತಾರೆ. ನೋವು, ನಿದ್ರೆಗೇಡು, ನೋವುನಿವಾರಕ ಔಷಧಗಳು ಅಂಕವನ್ನು ತಗ್ಗಿಸುತ್ತವೆ. ಶಸ್ತ್ರಚಿಕಿತ್ಸೆ ಇಲ್ಲದಿದ್ದರೂ ಎಪ್ಪತ್ತರ ಮೇಲೆ ವರ್ಷಕ್ಕಿಷ್ಟು ಇಳಿತ ಸಹಜ. ಸಮಾನ ವಯಸ್ಸಿನ, ಸಮಾನ ಕಾಯಿಲೆಗಳ ಹೋಲಿಕೆ ಗುಂಪಿಲ್ಲದ ಯಾವ ಅಧ್ಯಯನವನ್ನೂ ಆದ್ದರಿಂದ ಎಚ್ಚರದಿಂದಲೇ ಓದಬೇಕು.

ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 2001ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ ಬೈಪಾಸ್ ಮಾಡಿಸಿಕೊಂಡ 261 ಮಂದಿಯ ವಿವರ ಪ್ರಕಟಿಸಿತು. ಆಸ್ಪತ್ರೆಯಿಂದ ಹೊರಡುವಾಗ ಶೇ. 53, ಆರು ತಿಂಗಳಿಗೆ ಶೇ. 24, ಐದು ವರ್ಷಕ್ಕೆ ಶೇ. 42ರಷ್ಟು ಜನರಲ್ಲಿ ಕುಸಿತ ಕಂಡಿತ್ತು. ರಕ್ತವನ್ನು ದೇಹದ ಹೊರಗೆ ಹರಿಸುವ ಹೃದಯ-ಶ್ವಾಸಕೋಶ ಯಂತ್ರವೇ ಖಳನಾಯಕನೆಂದು ಪತ್ರಿಕೆಗಳು ಬರೆದವು. ಮುಂದೆ ಯಂತ್ರವಿಲ್ಲದೆ, ಬಡಿಯುವ ಹೃದಯದ ಮೇಲೆಯೇ ಬೈಪಾಸ್ ಮಾಡಿಸಿಕೊಂಡವರನ್ನೂ, ಹೃದ್ರೋಗವಿದ್ದು ಔಷಧದಲ್ಲೇ ಉಳಿದವರನ್ನೂ ಹೋಲಿಸಿ ನೋಡಿದಾಗ, ವರ್ಷಗಳ ನಂತರದ ಇಳಿತ ಮೂರೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ತೆರನಾಗಿತ್ತು. ಹೃದಯದ ರಕ್ತನಾಳಗಳನ್ನು ಕಟ್ಟಿಸಿದ ಅದೇ ರೋಗ ಮಿದುಳಿನ ಸಣ್ಣ ನಾಳಗಳನ್ನೂ ಬಿಟ್ಟಿರಲಿಲ್ಲ.

ಡೆನ್ಮಾರ್ಕಿನ ಅವಳಿಗಳ ಅಧ್ಯಯನ (2016) ಇನ್ನೂ ನೆಮ್ಮದಿ ತರುವಂಥದು. 8,503 ಅವಳಿಗಳಲ್ಲಿ ಶಸ್ತ್ರಚಿಕಿತ್ಸೆ ಆದವರನ್ನೂ ಆಗದವರನ್ನೂ ಹೋಲಿಸಿದಾಗ, ದೊಡ್ಡ ಶಸ್ತ್ರಚಿಕಿತ್ಸೆಗೂ ಅರಿವಿನ ಮಟ್ಟಕ್ಕೂ ಇರುವ ನಂಟು ಗಣನೆಗೆ ಬಾರದಷ್ಟು ಸಣ್ಣದೆಂದು ತಿಳಿದುಬಂತು. ಹಾಗೆಂದು ತೊಂದರೆ ಯಾರಿಗೂ ಬರುವುದಿಲ್ಲವೆಂದು ಅರ್ಥವಲ್ಲ. ಸರಾಸರಿಯಲ್ಲಿ ಕೆಲವರ ಕುಸಿತ ಮುಚ್ಚಿಹೋಗುತ್ತದೆ. ನೋವು ನೀಗಿ, ನಡೆದಾಡುವಂತಾಗಿ, ಬುದ್ಧಿಯೂ ಚುರುಕಾದವರು ಅದೇ ಸರಾಸರಿಯಲ್ಲಿದ್ದಾರೆ. ಮಂಡಿ ಬದಲಿಸಿಕೊಂಡು ಮತ್ತೆ ಸಂತೆಗೆ, ದೇವಸ್ಥಾನಕ್ಕೆ ಹೋಗಿಬರುವಂತಾದವರ ಮನಸ್ಸಿನ ಲವಲವಿಕೆಯನ್ನು ಯಾರೂ ಅಲ್ಲಗಳೆಯಲಾರರು.

ಕಾರಣಗಳು

ದೇಹಕ್ಕೆ ಕತ್ತರಿ ಬಿದ್ದೊಡನೆ ಗಾಯಗೊಂಡ ಜೀವಕೋಶಗಳು ಅಪಾಯದ ಸೂಚನೆ ಕೊಡುವ ಅಣುಗಳನ್ನು ರಕ್ತಕ್ಕೆ ಬಿಡುತ್ತವೆ. ರೋಗನಿರೋಧಕ ವ್ಯವಸ್ಥೆ ಎಚ್ಚೆತ್ತು ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6, ಟಿಎನ್ಎಫ್ ಮುಂತಾದ ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತದೆ. ಗಾಯ ಮಾಯಲು ಇವು ಬೇಕು. ಆದರೆ ಇವುಗಳ ಪ್ರಭಾವ ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆಯನ್ನು ದಾಟಿ, ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾಗಳನ್ನು ಕೆರಳಿಸುತ್ತದೆ. ನೆನಪಿನ ಕೇಂದ್ರವಾದ ಹಿಪ್ಪೊಕ್ಯಾಂಪಸ್ ಇದರಿಂದ ಬೇಗ ಬಾಧಿತವಾಗುತ್ತದೆ. ಇಲಿಗಳ ಕಾಲಿನ ಮೂಳೆಗೆ ಶಸ್ತ್ರಚಿಕಿತ್ಸೆ ಮಾಡಿದ ಪ್ರಯೋಗಗಳಲ್ಲಿ ಅವುಗಳ ನೆನಪು ಕುಗ್ಗಿತು. ಈ ರಾಸಾಯನಿಕಗಳನ್ನು ತಡೆದಾಗ ಕುಗ್ಗಲಿಲ್ಲ. ಗಾಯವಿಲ್ಲದೆ ಅರಿವಳಿಕೆಯೊಂದನ್ನೇ ಪಡೆದ ಇಲಿಗಳು ಆ ಪ್ರಯೋಗಗಳಲ್ಲಿ ಚೆನ್ನಾಗಿಯೇ ಇದ್ದವು. ಮೂಗಿನಿಂದ ಎಳೆದುಕೊಳ್ಳುವ ಕೆಲವು ಅರಿವಳಿಕೆ ಅನಿಲಗಳು ಅಲ್‌ಝೈಮರ್ ಕಾಯಿಲೆಯಲ್ಲಿ ಶೇಖರವಾಗುವ ಅಮಿಲಾಯ್ಡ್ ಪ್ರೋಟೀನನ್ನು ಹೆಚ್ಚಿಸುತ್ತವೆಂದು ತೋರಿಸಿದ ಪ್ರಯೋಗಾಲಯದ ಕೆಲಸಗಳೂ ಇವೆ. ಮನುಷ್ಯರಲ್ಲಿ ಅವು ಡಿಮೆನ್ಷಿಯಾ ತರುತ್ತವೆಂಬುದು ಸಾಬೀತಾಗಿಲ್ಲ.

ಒಂದೇ ಬಗೆಯ ಗಾಯ ಒಬ್ಬರನ್ನು ಕೆಡವಿ ಇನ್ನೊಬ್ಬರನ್ನು ಬಿಡುವುದಕ್ಕೆ ಮಿದುಳಿನ ಮೀಸಲು ಶಕ್ತಿಯಲ್ಲಿನ ವ್ಯತ್ಯಾಸ ಕಾರಣ. ಬೇಸಿಗೆಯ ಬಾವಿಯಲ್ಲಿ ಕೊಡ ಮುಳುಗುವಷ್ಟು ನೀರಿದ್ದರೆ ಮನೆಯ ಬಳಕೆಗೆ ಕೊರತೆ ತಿಳಿಯುವುದಿಲ್ಲ. ಪಂಪು ಹಚ್ಚಿದಾಗಲೇ ತಳ ಕಾಣುವುದು. ಅಲ್‌ಝೈಮರ್ ಬದಲಾವಣೆಗಳು, ಹಿಂದೆ ಆಗಿಹೋದ ಸಣ್ಣಪುಟ್ಟ ಪಾರ್ಶ್ವವಾಯುಗಳು, ಖಿನ್ನತೆ, ಕಿವುಡು, ದೃಷ್ಟಿಮಾಂದ್ಯ, ಅಪೌಷ್ಟಿಕತೆ, ನಿಶ್ಶಕ್ತಿ ಇವೆಲ್ಲ ಮೀಸಲನ್ನು ತಗ್ಗಿಸಿರುತ್ತವೆ. ಓದುಬರಹ ಹೆಚ್ಚಿದ್ದವರಿಗೆ ತೊಂದರೆ ಕಡಿಮೆಯೆಂದು ಹಲವು ಅಧ್ಯಯನಗಳು ಹೇಳುವುದಕ್ಕೂ ಇದೇ ವಿವರಣೆ ಕೊಡುತ್ತಾರೆ.

ಮೂರನೆಯದು ಔಷಧಗಳು. ಗಮನ ಮತ್ತು ನೆನಪಿಗೆ ಅಗತ್ಯವಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ವಯಸ್ಸಿನೊಂದಿಗೆ ಮಿದುಳಿನಲ್ಲಿ ಕಡಿಮೆಯಾಗುತ್ತದೆ. ಇದನ್ನು ಇನ್ನಷ್ಟು ತಡೆಯುವ ಔಷಧಗಳು ವಾರ್ಡುಗಳಲ್ಲಿ ದಿನನಿತ್ಯದ ಬಳಕೆಯಲ್ಲಿವೆ. ತುರಿಕೆಗೂ ಅಲರ್ಜಿಗೂ ಕೊಡುವ ಏವಿಲ್ ಚುಚ್ಚುಮದ್ದು, ಫೆನರ್ಗಾನ್, ಅಮಿಟ್ರಿಪ್ಟಿಲಿನ್, ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್ ಈ ಬಗೆಯವು. ನಿದ್ದೆಗೆಂದು ಕೊಡುವ ಆಲ್ಪ್ರಜೋಲಾಂ, ಡಯಜೆಪಾಂ, ಮಿಡಜೋಲಾಂ ಸನ್ನಿಯನ್ನು ಹೆಚ್ಚಿಸುತ್ತವೆ. ವರ್ಷಗಳಿಂದ ಆಲ್ಪ್ರಜೋಲಾಂ ನುಂಗುತ್ತಿದ್ದವರಿಗೆ ಅದನ್ನು ಒಮ್ಮೆಗೇ ನಿಲ್ಲಿಸಿದರೂ ಸನ್ನಿ ಬರುತ್ತದೆ. ದಿನವೂ ಕುಡಿಯುತ್ತಿದ್ದವರಿಗೆ ಆಸ್ಪತ್ರೆ ಸೇರಿದ ಎರಡು-ಮೂರನೆಯ ದಿನ ಬರುವ ಸನ್ನಿಯದೂ ಇದೇ ಬಗೆ. ಕುಡಿತದ ವಿಷಯವನ್ನು ಮನೆಯವರು ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ಜೀವಕ್ಕೇ ಅಪಾಯ. ನೋವು ನಿವಾರಕಗಳಲ್ಲಿ ಪೆಥಿಡಿನ್ ವೃದ್ಧರಿಗೆ ವಿಶೇಷವಾಗಿ ಒಗ್ಗದು. ನೋವನ್ನು ಚಿಕಿತ್ಸೆಯಿಲ್ಲದೆ ಬಿಡುವುದೂ ಅಷ್ಟೇ ಕೆಟ್ಟದ್ದು. ಇವುಗಳ ಮೇಲೆ ನ್ಯುಮೋನಿಯಾ, ಮೂತ್ರದ ಸೋಂಕು, ಸೋಡಿಯಂ ಇಳಿಕೆ, ಮೂತ್ರ ಕಟ್ಟುವುದು, ಮಲಬದ್ಧತೆ, ನಿರ್ಜಲೀಕರಣ ಸೇರಿಕೊಂಡರೆ ಯಾವುದೊಂದನ್ನೂ ಬಿಡಿಯಾಗಿ ಕಾರಣವೆನ್ನಲಾಗದು.

ಅರಿವಳಿಕೆಯ ಪಾತ್ರ

"ಪೂರ್ತಿ ಮತ್ತು ಬೇಡ, ಬೆನ್ನಿಗೆ ಕೊಡಿ" ಎಂದು ಕೇಳುವ ಕುಟುಂಬಗಳು ಬಹಳ. ಈ ಕೋರಿಕೆ ತರ್ಕಬದ್ಧವಾಗಿಯೇ ತೋರುತ್ತದೆ. ಆದರೆ 60 ದಾಟಿದ 438 ಮಂದಿಯನ್ನು ಎರಡು ಗುಂಪು ಮಾಡಿ ನೋಡಿದ 2003ರ ಅಧ್ಯಯನದಲ್ಲಿ ಮೂರು ತಿಂಗಳ ನಂತರದ ಮಂಕು ಪೂರ್ಣ ಅರಿವಳಿಕೆಯವರಲ್ಲಿ ಶೇ. 14.3, ಭಾಗಶಃ ಅರಿವಳಿಕೆಯವರಲ್ಲಿ ಶೇ. 13.9. ಸೊಂಟದ ಮೂಳೆ ಮುರಿದ 1,600 ಮಂದಿಯ ಮೇಲೆ ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸನ್ನಿಯ ಪ್ರಮಾಣ ಬೆನ್ನಿನ ಅರಿವಳಿಕೆಯಲ್ಲಿ ಶೇ. 20.5, ಪೂರ್ಣ ಅರಿವಳಿಕೆಯಲ್ಲಿ ಶೇ. 19.7. ಚೀನಾದಲ್ಲಿ 950 ಮಂದಿಯ ಮೇಲೆ ನಡೆದ ಪ್ರಯೋಗವೂ (2022) ವ್ಯತ್ಯಾಸ ತೋರಲಿಲ್ಲ. ಬೆನ್ನಿನ ಅರಿವಳಿಕೆಗೆ ಬೇರೆ ಕಾರಣಗಳಿರಬಹುದು, ಶ್ವಾಸಕೋಶದ ಸ್ಥಿತಿ ಅವುಗಳಲ್ಲೊಂದು; ಬುದ್ಧಿ ಉಳಿಸಿಕೊಳ್ಳುವುದಕ್ಕೆಂದೇ ಅದನ್ನು ಆರಿಸಲು ಸದ್ಯ ಆಧಾರವಿಲ್ಲ.

ಅರಿವಳಿಕೆಯ ಆಳದ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಹಣೆಗೆ ಪಟ್ಟಿ ಅಂಟಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುತ್ತ, ಅಗತ್ಯಕ್ಕಿಂತ ಆಳಕ್ಕೆ ಹೋಗದಂತೆ ನೋಡಿಕೊಂಡ ಹಾಂಗ್‌ಕಾಂಗ್ ಪ್ರಯೋಗದಲ್ಲಿ (2013) ಸನ್ನಿ ಶೇ. 24.1ರಿಂದ ಶೇ. 15.6ಕ್ಕೆ ಇಳಿಯಿತು. ಅಮೆರಿಕದಲ್ಲಿ 1,232 ಮಂದಿಯ ಮೇಲೆ ನಡೆದ 2019ರ ಪ್ರಯೋಗದಲ್ಲಿ ಅಂಥ ಲಾಭ ಕಾಣಲಿಲ್ಲ: ಅಲೆ ನೋಡಿ ಅರಿವಳಿಕೆ ಕೊಟ್ಟವರಲ್ಲಿ ಶೇ. 26, ಉಳಿದವರಲ್ಲಿ ಶೇ. 23. ಕೆಟಮಿನ್ ಔಷಧ ಸನ್ನಿಯನ್ನು ತಡೆಯಬಹುದೆಂಬ ಆಸೆ 672 ಮಂದಿಯ ಪ್ರಯೋಗದಲ್ಲಿ (2017) ಹುಸಿಯಾಯಿತು. ಅದನ್ನು ಪಡೆದವರಿಗೆ ಕೆಟ್ಟ ಕನಸುಗಳೂ ಭ್ರಮೆಗಳೂ ಹೆಚ್ಚಾದವು. ತೀವ್ರ ನಿಗಾ ಘಟಕದಲ್ಲಿ ಅಲ್ಪ ಪ್ರಮಾಣದ ಡೆಕ್ಸ್‌ಮೆಡಿಟೊಮಿಡಿನ್ ಕೊಟ್ಟು ಬೀಜಿಂಗ್‌ನಲ್ಲಿ 700 ವೃದ್ಧರ ಮೇಲೆ ನಡೆಸಿದ ಪ್ರಯೋಗದಲ್ಲಿ (2016) ಸನ್ನಿ ಶೇ. 23ರಿಂದ ಶೇ. 9ಕ್ಕೆ ತಗ್ಗಿದ್ದು ಭರವಸೆಯ ಸಂಗತಿ. ನಾಡಿಬಡಿತ ಮತ್ತು ರಕ್ತದೊತ್ತಡ ಇಳಿಯುವ ಅಪಾಯದಿಂದಾಗಿ ಎಲ್ಲರಿಗೂ ಅದು ಸಲ್ಲದು.

ತಡೆ ಮತ್ತು ಆರೈಕೆ

ಅತ್ಯಂತ ಗಟ್ಟಿಯಾದ ಫಲಿತಾಂಶಗಳು ಬಂದಿರುವುದು ಔಷಧಗಳಿಂದಲ್ಲ, ಆರೈಕೆಯಿಂದ. ಇನೌಯೆ ಮತ್ತು ಸಂಗಡಿಗರು ಯೇಲ್‌ನಲ್ಲಿ 852 ಒಳರೋಗಿಗಳ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಿನ-ಸ್ಥಳಗಳನ್ನು ಮತ್ತೆಮತ್ತೆ ನೆನಪಿಸುವುದು, ಬೇಗ ಎಬ್ಬಿಸಿ ನಡೆಸುವುದು, ಮಾತ್ರೆಯಿಲ್ಲದೆ ನಿದ್ದೆ ಬರಿಸುವುದು, ಕನ್ನಡಕ ಮತ್ತು ಕಿವಿಯ ಯಂತ್ರ ಒದಗಿಸುವುದು, ನೀರು ಕುಡಿಸುವುದು ಇಷ್ಟರಿಂದಲೇ ಸನ್ನಿ ಶೇ. 15ರಿಂದ ಶೇ. 9.9ಕ್ಕೆ ಇಳಿಯಿತು. ಅವರು ಶಸ್ತ್ರಚಿಕಿತ್ಸೆಯ ರೋಗಿಗಳಾಗಿರಲಿಲ್ಲ. ಆದರೆ ಸೊಂಟದ ಮೂಳೆ ಮುರಿದವರನ್ನು ಮೊದಲಿನಿಂದಲೇ ವೃದ್ಧರೋಗ ತಜ್ಞರು ನೋಡಿಕೊಂಡಾಗ ಸನ್ನಿ ಶೇ. 50ರಿಂದ ಶೇ. 32ಕ್ಕೆ ತಗ್ಗಿದ್ದನ್ನು ಎಡ್ವರ್ಡ್ ಮಾರ್ಕಾಂಟೋನಿಯೊ ತಂಡ 2001ರಲ್ಲಿ ತೋರಿಸಿತು. ತೈವಾನಿನಲ್ಲಿ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾದ 377 ಮಂದಿಯಲ್ಲಿ ಒಂದು ಗುಂಪಿಗೆ ದಿನವೂ ಮಾತು, ಬಾಯಿ ಸ್ವಚ್ಛತೆ ಮತ್ತು ಊಟದ ನೆರವು, ನಡಿಗೆ ಈ ಮೂರನ್ನೇ ಕೊಟ್ಟು ನೋಡಿದಾಗ (2017) ಸನ್ನಿ ಶೇ. 15.1ರ ಬದಲು ಶೇ. 6.6 ಆಯಿತು.

ನಮಗೆ ಎಲ್ಲಕ್ಕಿಂತ ಹತ್ತಿರದ್ದು ಚೀನಾದ ಚೆಂಗ್ಡು ನಗರದ ವೆಸ್ಟ್ ಚೈನಾ ಆಸ್ಪತ್ರೆಯ ಪ್ರಯೋಗ (2020). ಅಲ್ಲಿ ಈ ಆರೈಕೆಯಲ್ಲಿ ಮನೆಯವರನ್ನೇ ತೊಡಗಿಸಿದರು. 70 ದಾಟಿದ 281 ಮಂದಿಯಲ್ಲಿ, ಎಂದಿನ ಆರೈಕೆ ಪಡೆದವರಲ್ಲಿ ಶೇ. 19.4ರಷ್ಟು ಜನರಿಗೆ ಸನ್ನಿ ಬಂದರೆ, ಮನೆಯವರು ಭಾಗಿಯಾದ ಗುಂಪಿನಲ್ಲಿ ಶೇ. 2.6ಕ್ಕೆ ಮಾತ್ರ. ಕರ್ನಾಟಕದ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಒಬ್ಬರು ಉಳಿಯುವ ವಾಡಿಕೆ ಹಳೆಯದು. ಅವರನ್ನು ಔಷಧಿ ಅಂಗಡಿಗೆ ಓಡಾಡಿಸುವುದಕ್ಕೆ, ಬಿಲ್ ಕಟ್ಟಿಸುವುದಕ್ಕೆ ಮಾತ್ರ ಬಳಸಿಕೊಳ್ಳುತ್ತೇವೆ. ಹಲ್ಲುಸೆಟ್ಟು, ಕನ್ನಡಕ, ಕಿವಿಯ ಯಂತ್ರಗಳನ್ನು ರೋಗಿ ಎಚ್ಚರಗೊಂಡ ಕೂಡಲೇ ತೊಡಿಸುವುದು, ಹಗಲು ಕಿಟಕಿ ತೆರೆದು ಮಾತಾಡಿಸುವುದು, ರಾತ್ರಿ ದೀಪ ಆರಿಸಿ ಮಲಗಿಸುವುದು, ವೈದ್ಯರು ಒಪ್ಪಿದೊಡನೆ ಕೈಹಿಡಿದು ನಾಲ್ಕು ಹೆಜ್ಜೆ ನಡೆಸುವುದು, "ಇದು ಆಸ್ಪತ್ರೆ, ಇವತ್ತು ಗುರುವಾರ, ನಾನು ನಿಮ್ಮ ಮಗಳು" ಎಂದು ನೆನಪಿಸುವುದು ಇವೆಲ್ಲ ಅವರಿಂದ ಆಗುವ ಚಿಕಿತ್ಸೆ. ತೀವ್ರ ನಿಗಾ ಘಟಕದ ಬಾಗಿಲಲ್ಲಿ ಅವರನ್ನು ದಿನಕ್ಕೆ ಹತ್ತು ನಿಮಿಷಕ್ಕೆ ಸೀಮಿತಗೊಳಿಸುವ ಪದ್ಧತಿ ವೃದ್ಧರ ಮಟ್ಟಿಗಾದರೂ ಮರುಪರಿಶೀಲನೆಗೆ ಒಳಗಾಗಲೇಬೇಕು.

ಶಸ್ತ್ರಚಿಕಿತ್ಸೆಯ ತಂಡ ಮಾಡಬಹುದಾದದ್ದೂ ಬಹಳವಿದೆ. ಅನಗತ್ಯವಾಗಿ ಹಿಂದಿನ ರಾತ್ರಿಯಿಂದಲೇ ನೀರು ನಿಲ್ಲಿಸಬಾರದು; ಸಾಮಾನ್ಯ ರೋಗಿಗಳಿಗೆ ಎರಡು ಗಂಟೆ ಮೊದಲಿನವರೆಗೆ ತಿಳಿನೀರು ಕೊಡಬಹುದೆಂದು ಮಾರ್ಗಸೂಚಿಗಳು ಹೇಳುತ್ತವೆ. ಸೊಂಟದ ಮೂಳೆ ಮುರಿತದಲ್ಲಿ ತೊಡೆಯ ನರಗಳಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರೆ ಮಾರ್ಫಿನ್ ಬಗೆಯ ಔಷಧಗಳ ಅಗತ್ಯ ತಗ್ಗುತ್ತದೆ. ಮೂತ್ರದ ಪೈಪನ್ನು ಆದಷ್ಟು ಬೇಗ ತೆಗೆಯಬೇಕು. ಡೆನ್ಮಾರ್ಕಿನಲ್ಲಿ ಸೊಂಟ ಮತ್ತು ಮಂಡಿ ಬದಲಾವಣೆಗೆ ಅಂದೇ ಎದ್ದು ನಡೆಸುವ, ಬೇಗ ಮನೆಗೆ ಕಳಿಸುವ ಕ್ರಮ ಅನುಸರಿಸಿದಾಗ ಡಿಮೆನ್ಷಿಯಾ ಇಲ್ಲದ 225 ವೃದ್ಧರಲ್ಲಿ ಒಬ್ಬರಿಗೂ ಸನ್ನಿ ಬರಲಿಲ್ಲವೆಂದು 2012ರಲ್ಲಿ ವರದಿಯಾಯಿತು.

ಸನ್ನಿ ಬಂದ ಮೇಲೆ ಮೊದಲ ಕೆಲಸ ಅದರ ಹಿಂದಿನ ಕಾರಣವನ್ನು ಹುಡುಕುವುದು: ಸೋಂಕು, ಆಮ್ಲಜನಕ, ಸಕ್ಕರೆ, ಸೋಡಿಯಂ, ನೋವು, ತುಂಬಿದ ಮೂತ್ರಕೋಶ, ಹೊಸದಾಗಿ ಸೇರಿಸಿದ ಔಷಧ. ಕೈಕಾಲು ಕಟ್ಟಿಹಾಕುವುದರಿಂದ ಭಯವೂ ಗಾಯವೂ ಹೆಚ್ಚುತ್ತವೆಯೇ ಹೊರತು ಸನ್ನಿ ಇಳಿಯುವುದಿಲ್ಲ. ಹ್ಯಾಲೊಪೆರಿಡಾಲ್ ಮುಂತಾದ ಔಷಧಗಳು ಸನ್ನಿಯ ಅವಧಿಯನ್ನು ಕಡಿಮೆ ಮಾಡುವುದಿಲ್ಲವೆಂದು ತೀವ್ರ ನಿಗಾ ಘಟಕಗಳ 566 ಮಂದಿಯ ಪ್ರಯೋಗ (2018) ತೋರಿಸಿದೆ. ರೋಗಿಯಿಂದ ತನಗೋ ಇತರರಿಗೋ ಅಪಾಯವಿದ್ದಾಗ, ಬೇರೆ ದಾರಿ ಇಲ್ಲದಿದ್ದಾಗ, ಕಡಿಮೆ ಪ್ರಮಾಣದಲ್ಲಿ, ಕಡಿಮೆ ಅವಧಿಗೆ ಅವನ್ನು ಬಳಸಬಹುದು.

ಶಸ್ತ್ರಚಿಕಿತ್ಸೆಗೆ ಮೊದಲು ಮತ್ತು ಮನೆಗೆ ಮರಳಿದ ಮೇಲೆ

ಶಸ್ತ್ರಚಿಕಿತ್ಸೆಗೆ ಮುಂಚೆ ಇಸಿಜಿ, ಎಕೋ, ಎದೆಯ ಎಕ್ಸ್‌ರೇ, ರಕ್ತಪರೀಕ್ಷೆಗಳು ತಪ್ಪದೆ ಆಗುತ್ತವೆ. ಮಿದುಳಿನ ಕ್ಷಮತೆಯನ್ನು ಮಾತ್ರ ಬಹುಪಾಲು ಆಸ್ಪತ್ರೆಗಳಲ್ಲಿ ಯಾರೂ ಪರೀಕ್ಷಿಸುವುದಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಟ್ಟದ ಅಂದಾಜಿನ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ ಡಿಮೆನ್ಷಿಯಾ ಇದೆ. ಇವರಲ್ಲಿ ಬಹುತೇಕರ ಸ್ಥಿತಿಯನ್ನು ಮನೆಯವರು ವಯಸ್ಸಿನ ಅರಳುಮರಳೆಂದೇ ತಿಳಿದಿರುತ್ತಾರೆ. ಮೂರು ಪದಗಳನ್ನು ನೆನಪಿಡಲು ಹೇಳಿ, ಗಡಿಯಾರದ ಚಿತ್ರ ಬರೆಸುವ ಮಿನಿ-ಕಾಗ್ ಪರೀಕ್ಷೆಗೆ ಮೂರು ನಿಮಿಷ ಸಾಕು. ಪೆನ್ನು ಹಿಡಿದು ರೂಢಿಯಿಲ್ಲದವರಿಗೆ ಗಡಿಯಾರ ಬರೆಯುವುದೇ ಕಷ್ಟ. ಪಾಶ್ಚಾತ್ಯ ಪರೀಕ್ಷೆಗಳನ್ನು ಹಾಗೆಯೇ ತಂದರೆ ಅನಕ್ಷರಸ್ಥ ಜಾಣರೂ ಮಂಕರೆನಿಸಿಕೊಳ್ಳುತ್ತಾರೆ. ಈ ಕೊರತೆ ನೀಗಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರೂಪಿಸಿದ ಅರಿವಿನ ಪರೀಕ್ಷೆಗಳ ಸಂಪುಟ ಹಿಂದಿ, ಬಂಗಾಳಿ, ತೆಲುಗು, ಮಲಯಾಳಂಗಳ ಜೊತೆ ಕನ್ನಡದಲ್ಲೂ ಸಿದ್ಧವಾಗಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ನಡೆಸುತ್ತಿರುವ ದೀರ್ಘಕಾಲದ ಅಧ್ಯಯನ ಗ್ರಾಮೀಣ ಕನ್ನಡಿಗರ ಅರಿವು ವಯಸ್ಸಿನೊಂದಿಗೆ ಸಹಜವಾಗಿ ಹೇಗೆ ಬದಲಾಗುತ್ತದೆಂದು ದಾಖಲಿಸುತ್ತಿದೆ. ಶಸ್ತ್ರಚಿಕಿತ್ಸೆಯ ನಂತರದ ಕುಸಿತವನ್ನು ಅಳೆಯಲು ಇಂಥ ಸ್ಥಳೀಯ ಮಾನದಂಡಗಳೇ ಬುನಾದಿ.

ಅಪಾಯ ಹೆಚ್ಚಿದೆಯೆಂದು ಮೊದಲೇ ತಿಳಿದರೆ ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ಆ ಮಾತು ಬರಬೇಕು. ಮುಂದೂಡಬಹುದಾದ ಶಸ್ತ್ರಚಿಕಿತ್ಸೆಯಾದರೆ ರಕ್ತಹೀನತೆ ಸರಿಪಡಿಸಿಕೊಂಡು, ಮಾತ್ರೆಗಳ ಪಟ್ಟಿಯನ್ನು ಸೋಸಿಕೊಂಡು, ನಾಲ್ಕು ವಾರ ನಡೆದು ಬಲ ಬರಿಸಿಕೊಂಡು ಹೋಗಬಹುದು. ಮುರಿದ ಸೊಂಟದಂಥದ್ದನ್ನು ಬುದ್ಧಿಯ ಭಯದಿಂದ ಮುಂದೂಡುವುದು ತಪ್ಪು. ಹಾಸಿಗೆಯಲ್ಲೇ ಮಲಗಿಸಿದರೆ ನೋವು, ಸೋಂಕು, ಸನ್ನಿ ಎಲ್ಲವೂ ಹೆಚ್ಚುತ್ತವೆ.

ಮನೆಗೆ ಮರಳಿದ ಮೊದಲ ವಾರಗಳಲ್ಲಿ ಆಸ್ತಿ ಪತ್ರ, ಬ್ಯಾಂಕಿನ ದೊಡ್ಡ ವ್ಯವಹಾರಗಳಿಗೆ ಹಿರಿಯರ ಸಹಿ ಹಾಕಿಸದಿರುವುದು ಒಳ್ಳೆಯದು. ಸನ್ನಿ ಇಳಿದ ವಾರದಲ್ಲೇ ಪರೀಕ್ಷೆ ಮಾಡಿಸಿ ಡಿಮೆನ್ಷಿಯಾ ಎಂದು ತೀರ್ಮಾನಿಸಬಾರದು. ಚೇತರಿಕೆಗೆ ಕೆಲವು ತಿಂಗಳು ಕೊಟ್ಟು, ಮಂಕು ಉಳಿದಿದ್ದರೆ ನರರೋಗ ಅಥವಾ ವೃದ್ಧರೋಗ ತಜ್ಞರಿಗೆ ತೋರಿಸಬೇಕು. ಸನ್ನಿ ಬಂದದ್ದು, ಎಷ್ಟು ದಿನವಿತ್ತು, ಯಾವ ಔಷಧ ಒಗ್ಗಲಿಲ್ಲ ಎಂಬುದು ಡಿಸ್ಚಾರ್ಜ್ ಪತ್ರದಲ್ಲಿ ಬರೆದಿರಬೇಕು. ಒಮ್ಮೆ ಬಂದವರಿಗೆ ಮತ್ತೆ ಬರುವ ಸಂಭವ ಹೆಚ್ಚಾದ್ದರಿಂದ ಮುಂದಿನ ಶಸ್ತ್ರಚಿಕಿತ್ಸೆಯ ಅರಿವಳಿಕೆ ತಜ್ಞರಿಗೆ ಆ ಪತ್ರವನ್ನು ತೋರಿಸುವುದು ಅಗತ್ಯ.